ಕಾರ್ಖಾನೆ ಮುಚ್ಚಿದ ಮೇಲೆ ಲೈಪ್‌ಜಿಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಮುಚ್ಚಿದ ಕಾರ್ಖಾನೆಗಳು, ಅಗ್ಗದ ಬಾಡಿಗೆ, ಅದನ್ನು ಹುಡುಕಿಕೊಂಡು ಬಂದ ಚಿತ್ರಕಾರರು, ಅವರ ಬೆನ್ನಿಗೇ ಕೆಫೆಗಳು. ಲೈಪ್‌ಜಿಗ್ ಹೆಸರೆತ್ತಿದರೆ ಎಲ್ಲರೂ ಹೇಳೋದು ಇದೇ ಕಥೆ. ಕಥೆಯಲ್ಲಿ ಸತ್ಯ ಇದೆ. ಆದರೆ ಮನೆ ಮಾಲೀಕರು, ತೆರಿಗೆ ಕಾನೂನು, ಕಾರಿನ ಕಾರ್ಖಾನೆ, ಇವರೆಲ್ಲ ಆ ಕಥೆಯಿಂದ ಮಾಯವಾಗಿಬಿಟ್ಟಿದ್ದಾರೆ. ಇಲ್ಲಿ ಅವರನ್ನೂ ಸೇರಿಸಿಕೊಂಡಿದ್ದೇನೆ.

ಲೈಪ್‌ಜಿಗ್ ಎಲ್ಲಿದೆ?

ಜರ್ಮನಿಯ ಪೂರ್ವಕ್ಕೆ, ಸ್ಯಾಕ್ಸನಿ ರಾಜ್ಯದಲ್ಲಿ. ಬರ್ಲಿನ್‌ನಿಂದ ವೇಗದ ರೈಲು ಹತ್ತಿದರೆ ಒಂದೂಕಾಲು ಗಂಟೆ. ಸಂಗೀತಗಾರ ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳುವ ತನಕ ಕೆಲಸ ಮಾಡಿದ್ದು ಇಲ್ಲೇ. ವಿಶ್ವವಿದ್ಯಾಲಯ 1409ರದ್ದು. ಎರಡನೇ ಮಹಾಯುದ್ಧದ ನಂತರ 1990ರ ತನಕ ಈ ಊರು ಕಮ್ಯುನಿಸ್ಟ್ ಪೂರ್ವ ಜರ್ಮನಿಯಲ್ಲಿತ್ತು. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದಿನದೆಲ್ಲ ಅಲ್ಲಿಂದಲೇ ಶುರು.

ಬಾಖ್ ಇದ್ದ ಊರು ಅಂತೀರಿ. ಕಾರ್ಖಾನೆಗಳು ಬಂದಿದ್ದು ಯಾವಾಗ?

ಹತ್ತೊಂಬತ್ತನೇ ಶತಮಾನದಲ್ಲಿ. ಊರಿನ ಪಶ್ಚಿಮಕ್ಕೆ ಪ್ಲಾಗ್‌ವಿಟ್ಸ್ ಅಂತ ಒಂದು ಹಳ್ಳಿ ಇತ್ತು. ಕಾರ್ಲ್ ಹೈನೆ ಅನ್ನೋ ವಕೀಲ ಅಲ್ಲಿ ಜಮೀನು ಕೊಂಡ. 1856ರಿಂದ ಕಾಲುವೆ ತೋಡಿಸಿದ, ರಸ್ತೆ ಮಾಡಿಸಿದ, ಕಾರ್ಖಾನೆಗಳ ಬಾಗಿಲ ತನಕ ರೈಲು ಹಳಿ ಹಾಕಿಸಿದ. ಆ ಕಾಲುವೆಗೆ ಇವತ್ತಿಗೂ ಅವನದೇ ಹೆಸರು. ಮುಖ್ಯ ಬೀದಿಗೂ ಅಷ್ಟೇ.

1884ರಲ್ಲಿ ಅಲ್ಲೊಂದು ನೂಲಿನ ಗಿರಣಿ ಕಂಪನಿ ಹುಟ್ಟಿತು. ಜರ್ಮನ್ನರು ಅದನ್ನು ಸುಮ್ನೆ ‘ಸ್ಪಿನರೈ’ ಅಂತಾರೆ, ನಾವು ‘ಮಿಲ್’ ಅಂದ ಹಾಗೆ. ಕಾಲು ಶತಮಾನದೊಳಗೆ ಅದರಲ್ಲಿ 2,40,000 ಕದಿರುಗಳು ತಿರುಗುತ್ತಿದ್ದವು. ಬ್ರಿಟನ್ ಬಿಟ್ಟರೆ ಯುರೋಪಿನಲ್ಲೇ ದೊಡ್ಡ ಹತ್ತಿ ಗಿರಣಿ ಅನ್ನೋ ಹೆಸರು ಬಂತು. ಸುಮಾರು 25 ಎಕರೆ ಜಾಗ. ಕೆಲಸಗಾರರಿಗೆ ಮನೆ, ಮಕ್ಕಳಿಗೆ ಶಿಶುವಿಹಾರ, ತರಕಾರಿ ಬೆಳೆಯಲು ತುಂಡು ತೋಟ, ಎಲ್ಲ ಕಾಂಪೌಂಡಿನ ಒಳಗೋ ಪಕ್ಕದಲ್ಲೋ. ಹತ್ತಿಗಾಗಿ ಆಗಿನ ಜರ್ಮನ್ ಪೂರ್ವ ಆಫ್ರಿಕಾದಲ್ಲಿ ಕಂಪನಿ ತನ್ನದೇ ತೋಟಗಳನ್ನೂ ಮಾಡಿಕೊಂಡಿತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಆ ವಸಾಹತು ಕಳೆದುಕೊಂಡಾಗ ತೋಟವೂ ಹೋಯಿತು.

1930ರ ಆಸುಪಾಸಿನಲ್ಲಿ ಊರಿನ ಜನಸಂಖ್ಯೆ 7 ಲಕ್ಷ ದಾಟಿತ್ತು.

ಇಷ್ಟೆಲ್ಲ ಇದ್ದದ್ದು ಮುಚ್ಚಿದ್ದು ಯಾಕೆ?

ಸೋಂಬೇರಿ ಕೆಲಸಗಾರರು, ಹಳೇ ಯಂತ್ರಗಳು ಅಂತ ಒಂದು ಸಿದ್ಧ ಉತ್ತರ ಇದೆ. ಯಂತ್ರಗಳು ಹಳೆಯವೇ, ಒಪ್ಪೋಣ. ಆದರೆ ಎಲ್ಲ ಒಟ್ಟಿಗೆ ಕುಸಿದು ಬೀಳಲು ಬೇರೆ ಕಾರಣ ಇತ್ತು.

1989ರ ಅಕ್ಟೋಬರ್ 9ರಂದು ಇದೇ ಊರಿನ ಬೀದಿಯಲ್ಲಿ ಸುಮಾರು 70,000 ಜನ ಸರ್ಕಾರದ ವಿರುದ್ಧ ಮೆರವಣಿಗೆ ಹೋದರು. ಗುಂಡು ಹಾರಲಿಲ್ಲ. ಒಂದು ತಿಂಗಳಲ್ಲಿ ಬರ್ಲಿನ್ ಗೋಡೆ ಬಿತ್ತು. 1990ರ ಜುಲೈ 1ಕ್ಕೆ ಪೂರ್ವ ಜರ್ಮನಿಗೆ ಪಶ್ಚಿಮ ಜರ್ಮನಿಯ ಹಣ, ಅಂದರೆ ಮಾರ್ಕ್ ಬಂತು. ಸಂಬಳವನ್ನು ಒಂದಕ್ಕೊಂದು ಲೆಕ್ಕದಲ್ಲಿ ಬದಲಾಯಿಸಿದರು. ಜನರಿಗೆ ಖುಷಿಯೋ ಖುಷಿ. ಆದರೆ ಕಾರ್ಖಾನೆಯ ಕಡೆಯಿಂದ ನೋಡಿ: ನಿನ್ನೆ ತನಕ ಅಗ್ಗದ ಹಣದಲ್ಲಿ ಮಾಡುತ್ತಿದ್ದ ಸರಕಿಗೆ ಇವತ್ತು ದುಬಾರಿ ಹಣದಲ್ಲಿ ಬೆಲೆ ಕಟ್ಟಬೇಕು. ಕೊಳ್ಳುತ್ತಿದ್ದವರು ಸೋವಿಯತ್ ಕಡೆಯ ದೇಶಗಳು, ಅವರ ಹತ್ತಿರ ಮಾರ್ಕ್ ಇಲ್ಲ. ಮನೆಯ ಗಿರಾಕಿಗಳೋ, ಅಂಗಡಿಗೆ ಬಂದ ಪಶ್ಚಿಮದ ಸಾಮಾನಿನ ಹಿಂದೆ ಬಿದ್ದರು.

ಲೈಪ್‌ಜಿಗ್‌ನ ಕೈಗಾರಿಕೆಗಳಲ್ಲಿ ಹೆಚ್ಚುಕಡಿಮೆ 1 ಲಕ್ಷ ಉದ್ಯೋಗ ಇತ್ತು. ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಅದರಲ್ಲಿ ಐದನೇ ಒಂದು ಪಾಲೂ ಉಳಿದಿರಲಿಲ್ಲ. ಸರ್ಕಾರಿ ಕಾರ್ಖಾನೆಗಳನ್ನೆಲ್ಲ ಮಾರಲು ಟ್ರಾಯ್‌ಹಾಂಡ್ ಅನ್ನೋ ಸಂಸ್ಥೆ ಮಾಡಿದ್ದರು. ಕೊಳ್ಳುವವರು ಸಿಕ್ಕದೆ ಇದ್ದದ್ದಕ್ಕೆ ಬೀಗ. ಸ್ಪಿನರೈಯಲ್ಲಿ 1993ರ ಹೊತ್ತಿಗೆ ನೂಲುವುದು ನಿಂತೇ ಹೋಯಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಈ ಊರಿನ ಪುನರ್ಜನ್ಮದ ಬಗ್ಗೆ ಪ್ರವಾಸಿ ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತವೆ, ಆ ಹೆಂಗಸರು ಆಮೇಲೆ ಏನು ಮಾಡಿದರು ಅಂತ ಕೇಳಿದವರು ಕಮ್ಮಿ.

ಎಷ್ಟು ಜನ ಊರು ಬಿಟ್ಟರು?

1989ರಲ್ಲಿ ಸುಮಾರು 5,30,000 ಜನ ಇದ್ದರು. 1998ರಲ್ಲಿ 4,37,000ದ ಆಸುಪಾಸು. ಆಮೇಲೆ ಸುತ್ತಲಿನ ಹಳ್ಳಿಗಳನ್ನು ನಗರಕ್ಕೆ ಸೇರಿಸಿದ್ದರಿಂದ ಸಂಖ್ಯೆ ಏರಿತು. ಅದು ಕಾಗದದ ಏರಿಕೆ. ನಿಜವಾದ ಏರಿಕೆ ಬಂದಿದ್ದು 2000ದ ನಂತರ, ಅದೂ ನಿಧಾನಕ್ಕೆ. ಈಗ 6 ಲಕ್ಷ ದಾಟಿದೆ.

ಮನೆಗಳು ಖಾಲಿ ಬಿದ್ದಿದ್ದು ಜನ ಹೋದದ್ದಕ್ಕಾ?

ಅದೂ ಒಂದು ಕಾರಣ. 2000ದ ಸುಮಾರಿಗೆ ಊರಲ್ಲಿ 60,000 ಮನೆ ಖಾಲಿ ಇದ್ದವು, ಅಂದರೆ ಐದರಲ್ಲಿ ಒಂದು. ಉಳಿದ ಕಾರಣಗಳು ಮಜವಾಗಿವೆ.

ಮೊದಲನೆಯದು ಮಾಲೀಕರ ಪ್ರಶ್ನೆ. ನಾಜಿಗಳ ಕಾಲದಲ್ಲಿ ಯಹೂದಿಗಳಿಂದ ಕಿತ್ತುಕೊಂಡ ಮನೆಗಳು, ಕಮ್ಯುನಿಸ್ಟ್ ಕಾಲದಲ್ಲಿ ಸರ್ಕಾರ ವಶ ಮಾಡಿಕೊಂಡ ಮನೆಗಳು, ಎಲ್ಲವನ್ನೂ ಮೂಲ ಮಾಲೀಕರಿಗೋ ವಾರಸುದಾರರಿಗೋ ವಾಪಸ್ ಕೊಡಬೇಕು ಅಂತ ತೀರ್ಮಾನ ಆಯಿತು. ನ್ಯಾಯವೇ. ಆದರೆ ಒಂದೊಂದು ಮನೆಗೆ ನಾಲ್ಕೈದು ವಾರಸುದಾರರು, ಒಬ್ಬರು ಒಂದೊಂದು ದೇಶದಲ್ಲಿ. ಇತ್ಯರ್ಥ ಆಗೋವಷ್ಟರಲ್ಲಿ ಛಾವಣಿ ಸೋರಿ, ಮರದ ತೊಲೆಗಳು ಕೊಳೆತು, ಬಾಲ್ಕನಿ ಕಳಚಿ ಬೀಳೋ ಸ್ಥಿತಿ.

ಎರಡನೆಯದು ತೆರಿಗೆ. ಹಿಂದೆ ಪೂರ್ವ ಜರ್ಮನಿಯಾಗಿದ್ದ ಭಾಗದಲ್ಲಿ ಕಟ್ಟಡ ಕಟ್ಟಿದರೆ ಅಥವಾ ದುರಸ್ತಿ ಮಾಡಿಸಿದರೆ ಖರ್ಚಿನ ಅರ್ಧವನ್ನು ಮೊದಲ ಐದು ವರ್ಷದಲ್ಲೇ ತೆರಿಗೆ ಲೆಕ್ಕದಿಂದ ಕಳೆಯಬಹುದು ಅಂತ ಸರ್ಕಾರ ಅವಕಾಶ ಕೊಟ್ಟಿತು. ಪಶ್ಚಿಮದ ಡಾಕ್ಟರು, ಹಲ್ಲಿನ ಡಾಕ್ಟರು, ವಕೀಲರು ಸಾಲುಗಟ್ಟಿ ಬಂದು ಲೈಪ್‌ಜಿಗ್‌ನಲ್ಲಿ ಮನೆ ಕೊಂಡರು. ಬಾಡಿಗೆಗೆ ಜನ ಇದ್ದಾರಾ ಅಂತ ಯಾರೂ ನೋಡಲಿಲ್ಲ, ತೆರಿಗೆ ಉಳಿದರೆ ಸಾಕಿತ್ತು. ಹಾಗಾಗಿ ಜನ ಊರು ಬಿಡುತ್ತಿದ್ದ ಕಾಲದಲ್ಲೇ ಹೊಸ ಮನೆಗಳು ಎದ್ದವು, ಹಳೆಯವಕ್ಕೆ ಸುಣ್ಣಬಣ್ಣ ಆಯಿತು. ಯುರ್ಗೆನ್ ಷ್ನೈಡರ್ ಅನ್ನೋ ಬಿಲ್ಡರ್ ಬ್ಯಾಂಕುಗಳಿಂದ ಕೋಟಿಗಟ್ಟಲೆ ಸಾಲ ಎತ್ತಿ ಊರಿನ ನಡುವಿನ ಸುಂದರ ಕಟ್ಟಡಗಳನ್ನೆಲ್ಲ ಕೊಂಡ. 1994ರಲ್ಲಿ ದಿವಾಳಿಯಾಗಿ ದೇಶ ಬಿಟ್ಟು ಓಡಿದ, ಮರುವರ್ಷ ಮಯಾಮಿಯಲ್ಲಿ ಸಿಕ್ಕಿಬಿದ್ದ, ಜೈಲಿಗೂ ಹೋದ. ಅವನು ರಿಪೇರಿ ಶುರುಮಾಡಿದ ಕಟ್ಟಡಗಳ ಮುಂದೆ ನಿಂತು ಪ್ರವಾಸಿಗರು ಈಗ ಫೋಟೋ ತೆಗೆಸಿಕೊಳ್ಳುತ್ತಾರೆ!

ಸರಿ, ಕಲಾವಿದರು ಎಲ್ಲಿಂದ ಬಂದರು?

ಅರ್ಧ ಜನ ಎಲ್ಲಿಂದಲೂ ಬರಲಿಲ್ಲ, ಅಲ್ಲೇ ಇದ್ದರು. ಲೈಪ್‌ಜಿಗ್‌ನಲ್ಲಿ 1764ರಲ್ಲಿ ಶುರುವಾದ ಒಂದು ಕಲಾಶಾಲೆ ಇದೆ. ಪೂರ್ವ ಜರ್ಮನಿಯ ಕಾಲದಲ್ಲಿ ಬರ್ನ್‌ಹಾರ್ಡ್ ಹೈಸಿಗ್, ವೆರ್ನರ್ ಟ್ಯುಬ್ಕೆ, ವೋಲ್ಫ್‌ಗಾಂಗ್ ಮಾಟ್‌ಹೊಯರ್ ಅನ್ನೋ ಚಿತ್ರಕಾರರು ಅಲ್ಲಿ ಪಾಠ ಮಾಡಿದರು. ಪಶ್ಚಿಮದ ಕಲಾಶಾಲೆಗಳು ಮನುಷ್ಯರ ಚಿತ್ರ ಬರೆಯೋದನ್ನು ಹಳೇಕಾಲದ್ದು ಅಂತ ಬದಿಗಿಟ್ಟಿದ್ದ ಹೊತ್ತಿನಲ್ಲಿ ಇಲ್ಲಿ ಮಾತ್ರ ದೇಹ, ನೆರಳು, ದೂರ-ಹತ್ತಿರದ ಲೆಕ್ಕ, ಬಣ್ಣ ಕಲಸುವುದು, ಎಲ್ಲ ಹಳೇ ಕ್ರಮದಲ್ಲೇ ಕಲಿಸುತ್ತಿದ್ದರು. ಆಳುವವರಿಗೂ ಅರ್ಥವಾಗೋ ಚಿತ್ರಗಳೇ ಬೇಕಿತ್ತು ಅನ್ನೋದು ಬೇರೆ ಮಾತು.

ಗೋಡೆ ಬಿದ್ದ ಮೇಲೆ ಈ ಹಳೇ ವಿದ್ಯೆಯೇ ಬಂಡವಾಳ ಆಯಿತು. ಪೇಂಟಿಂಗ್ ಕಲಿಯಬೇಕು ಅಂತ ಪಶ್ಚಿಮದ ಹುಡುಗರು ಹುಡುಕಿಕೊಂಡು ಬಂದರು. ಮಾಟಿಯಾಸ್ ವೈಷರ್, ಟಿಮ್ ಐಟಲ್, ಡೇವಿಡ್ ಷ್ನೆಲ್ ಮೂವರೂ ಹಾಗೆ ಬಂದವರೇ. ಓದು ಮುಗಿದ ಮೇಲೆ ದೊಡ್ಡ ಊರಿಗೆ ಹೋಗಬೇಕಾದ ಒತ್ತಡ ಇರಲಿಲ್ಲ. ಬಾಡಿಗೆ ಇಲ್ಲದಷ್ಟು ಅಗ್ಗದಲ್ಲಿ ದೊಡ್ಡ ದೊಡ್ಡ ಹಾಲ್‌ಗಳು ಬಿದ್ದಿದ್ದವಲ್ಲ.

ನೇಯೋ ರೌಖ್ ಹೆಸರು ಎಲ್ಲ ಕಡೆ ಬರುತ್ತೆ. ಯಾರು?

1960ರಲ್ಲಿ ಇದೇ ಊರಲ್ಲಿ ಹುಟ್ಟಿದ ಚಿತ್ರಕಾರ. ಮಗುವಾಗಿದ್ದಾಗಲೇ ತಂದೆ-ತಾಯಿ ಇಬ್ಬರೂ ರೈಲು ಅಪಘಾತದಲ್ಲಿ ಹೋದರು. ತೊಂಬತ್ತರ ದಶಕದಲ್ಲೇ ಸ್ಪಿನರೈಯಲ್ಲಿ ಸ್ಟುಡಿಯೋ ಹಿಡಿದರು. ಅವರ ದೊಡ್ಡ ಕ್ಯಾನ್ವಾಸ್‌ಗಳಲ್ಲಿ ಕಾರ್ಖಾನೆ, ಕೆಲಸಗಾರರು, ಹಳೇ ಸಮವಸ್ತ್ರದ ಜನ ಏನೋ ಗಂಭೀರ ಕೆಲಸದಲ್ಲಿ ಮುಳುಗಿರುತ್ತಾರೆ. ಏನು ಮಾಡುತ್ತಿದ್ದಾರೆ ಅಂತ ಮಾತ್ರ ಗೊತ್ತಾಗಲ್ಲ. ಅಮೆರಿಕದ ಸಂಗ್ರಾಹಕರು ಮುಗಿಬಿದ್ದರು. 2007ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಅವರ ಪ್ರದರ್ಶನ ನಡೆಯಿತು. ಅವರ ಚಿತ್ರಗಳನ್ನು ಮಾರುವವರು ಜೂಡಿ ಲಿಬ್ಕೆ. 1983ರಲ್ಲಿ, ಪೂರ್ವ ಜರ್ಮನಿ ಇನ್ನೂ ಗಟ್ಟಿಯಾಗಿದ್ದಾಗಲೇ, ತಮ್ಮ ಮನೆಯಲ್ಲಿ ಗ್ಯಾಲರಿ ಶುರುಮಾಡಿದ ಆಸಾಮಿ.

ನೂಲಿನ ಗಿರಣಿ ಸ್ಟುಡಿಯೋಗೆ ಸರಿಹೊಂದಿದ್ದು ಹೇಗೆ?

ಗಿರಣಿ ಕಟ್ಟಡದ ಗುಣಗಳೇ ಹಾಗಿವೆ. ಭಾರದ ಯಂತ್ರಗಳನ್ನು ಹೊರಲು ಕಟ್ಟಿದ ನೆಲ, ಕಲ್ಲು ಕೆತ್ತುವವರೂ ಮುದ್ರಣ ಯಂತ್ರ ಇಡುವವರೂ ಧೈರ್ಯವಾಗಿ ಕೆಲಸ ಮಾಡಬಹುದು. ನೂಲು ಕಡಿದರೆ ಕಣ್ಣಿಗೆ ಕಾಣಬೇಕಿತ್ತು, ಅದಕ್ಕೆ ಗೋಡೆ ತುಂಬ ದೊಡ್ಡ ಕಿಟಕಿ. ಚಿತ್ರಕಾರನಿಗೆ ಇನ್ನೇನು ಬೇಕು? ಸಾಮಾನು ಸಾಗಿಸಲು ಅಗಲದ ಬಾಗಿಲು, ಮೂರು ಮೀಟರ್ ಕ್ಯಾನ್ವಾಸನ್ನೂ ಅಡ್ಡ ಮಾಡದೆ ಹೊರಗೆ ತರಬಹುದು. ರಾತ್ರಿ ಹನ್ನೆರಡಕ್ಕೆ ಸುತ್ತಿಗೆ ಬಡಿದರೂ ಕೇಳೋರಿಲ್ಲ.

2001ರಲ್ಲಿ ಇಡೀ ಜಾಗ ಹೊಸ ಮಾಲೀಕರ ಕೈಗೆ ಬಂತು. ಅಷ್ಟೊತ್ತಿಗಾಗಲೇ ಕಲಾವಿದರು ಅಲ್ಲಲ್ಲಿ ಗೂಡು ಕಟ್ಟಿಕೊಂಡಿದ್ದರು. ಹೊಸಬರು ಅವರನ್ನು ಎಬ್ಬಿಸಲಿಲ್ಲ. 2005ರಲ್ಲಿ ಊರಿನ ಮುಖ್ಯ ಗ್ಯಾಲರಿಗಳು ಒಟ್ಟಿಗೆ ಇಲ್ಲಿಗೆ ಬಂದವು. ಲಿಬ್ಕೆ ಅವರ ಗ್ಯಾಲರಿ ಇರೋದು ಹಿಂದೆ ಉಗಿಯಂತ್ರ ಇದ್ದ ಹಾಲ್‌ನಲ್ಲಿ. ಈಗ ಸುಮಾರು ನೂರು ಸ್ಟುಡಿಯೋ, ಹತ್ತಕ್ಕೂ ಜಾಸ್ತಿ ಗ್ಯಾಲರಿ, ಬಣ್ಣ-ಬ್ರಷ್ಷಿನ ದೊಡ್ಡ ಅಂಗಡಿ, ಒಂದು ಪುಟ್ಟ ಸಿನಿಮಾ ಮಂದಿರ, ಕಚೇರಿಗಳು ಇವೆ.

‘ಕಾವಲು ಮನೆ’ ಅಂದರೇನು? ಬಾಡಿಗೆ ಇಲ್ಲದೆ ಮನೆ ಕೊಟ್ಟಿದ್ದು ನಿಜವಾ?

ನಿಜ. ಇಡೀ ಲೈಪ್‌ಜಿಗ್ ಕಥೆಯಲ್ಲಿ ನನಗೆ ಇಷ್ಟವಾದದ್ದು ಇದೇ. ನೇಯೋ ರೌಖ್ ಚಿತ್ರಗಳಿಗಿಂತ ಜಾಸ್ತಿ.

ಟ್ರಾಮ್ ಓಡಾಡುವ ಗದ್ದಲದ ದೊಡ್ಡ ರಸ್ತೆಗಳಲ್ಲಿ ನೂರು ವರ್ಷದ ಹಳೇ ಮನೆಗಳು ಬೀಳೋ ಹಾಗೆ ನಿಂತಿದ್ದವು. ಕೊಳ್ಳೋರಿಲ್ಲ, ಬಾಡಿಗೆಗೆ ಬರೋರಿಲ್ಲ, ರಿಪೇರಿಗೆ ಮಾಲೀಕನ ಹತ್ತಿರ ದುಡ್ಡಿಲ್ಲ. ಒಂದು ಚಳಿಗಾಲ ಪೈಪ್ ಒಡೆದು ನೀರು ನುಗ್ಗಿದರೆ ಮನೆ ಮುಗೀತು. 2004ರಲ್ಲಿ ‘ಹೌಸ್‌ಹಾಲ್ಟನ್’ ಅನ್ನೋ ಸಂಘ ಶುರುವಾಯಿತು. ಅವರ ಉಪಾಯ ಸರಳ. ಮಾಲೀಕ ಮನೆಯನ್ನು ಸಾಮಾನ್ಯವಾಗಿ ಐದು ವರ್ಷಕ್ಕೆ ಸಂಘದ ಕೈಗೆ ಕೊಡಬೇಕು. ಸಂಘ ಅದನ್ನು ಜಾಗ ಬೇಕಾದವರಿಗೆ ಹಂಚುತ್ತದೆ. ಅವರು ಬಾಡಿಗೆ ಕೊಡಬೇಕಿಲ್ಲ. ನೀರು, ಕರೆಂಟು, ವಿಮೆಯಂಥ ಖರ್ಚು ಮತ್ತು ಸಂಘಕ್ಕೆ ಒಂದು ಸಣ್ಣ ಮೊತ್ತ, ಅಷ್ಟೇ. ಬದಲಿಗೆ ಮನೆಯಲ್ಲಿ ಇದ್ದುಕೊಂಡು ಅದನ್ನು ಕಾಯಬೇಕು. ಸೋರಿಕೆ ಕಂಡರೆ ನಿಲ್ಲಿಸಬೇಕು, ಕಿಟಕಿಗೆ ಗಾಜು ಹಾಕಿಸಬೇಕು, ಒಲೆ ಉರಿಸಿ ಗೋಡೆ ಒಣಗಿಸಬೇಕು. ಮುಂಭಾಗದಲ್ಲಿ ಒಂದು ದೊಡ್ಡ ಬ್ಯಾನರ್ ತೂಗುಹಾಕುತ್ತಿದ್ದರು, ಇಲ್ಲಿ ಜನ ಇದ್ದಾರೆ ಅಂತ ದಾರಿಹೋಕರಿಗೂ ಗೊತ್ತಾಗಲಿ ಅಂತ.

ಸುಖದ ಜೀವನ ಅಂದುಕೊಳ್ಳಬೇಡಿ. ಇಂಥ ಹಳೇ ಮನೆಗಳಲ್ಲಿ ಹೀಟರ್ ಇರಲ್ಲ. ನೆಲಮಾಳಿಗೆಯಿಂದ ಕಲ್ಲಿದ್ದಲ ಇಟ್ಟಿಗೆಗಳನ್ನು ಬಕೆಟ್ಟಿನಲ್ಲಿ ತುಂಬಿ ಮೂರ್ನಾಲ್ಕು ಮಹಡಿ ಹೊತ್ತು ತಂದು, ಹೆಂಚಿನ ಒಲೆಗೆ ಹಾಕಿ, ಬೂದಿ ತೆಗೆದು, ಮರುದಿನ ಮತ್ತೆ ಅದೇ. ಶೌಚಾಲಯ ಎಷ್ಟೋ ಕಡೆ ಮೆಟ್ಟಿಲ ತಿರುವಿನಲ್ಲಿ. ಇದೆಲ್ಲ ಸಹಿಸಿದವರಿಗೆ ಸಿಕ್ಕಿದ್ದು ಸಮಯ. ತಿಂಗಳ ಕೊನೆಗೆ ಬಾಡಿಗೆ ಹೊಂದಿಸಬೇಕಾಗಿಲ್ಲ ಅಂದರೆ ಸೈಕಲ್ ರಿಪೇರಿ ಕಲಿಸೋ ವರ್ಕ್‌ಶಾಪ್, ಮಕ್ಕಳ ನಾಟಕ, ಯಾರೂ ಕೊಳ್ಳದ ಶಿಲ್ಪ, ಏನನ್ನಾದರೂ ಶುರುಮಾಡಬಹುದು. ಮಾಲೀಕನಿಗೂ ಲಾಭವೇ, ಮನೆ ಬೀಳದೆ ಉಳೀತಲ್ಲ.

ಐದು ವರ್ಷ ಆದಮೇಲೆ?

ಕೆಲವು ಕಡೆ ಒಪ್ಪಂದ ಮುಂದುವರಿಯಿತು. ಕೆಲವು ಮನೆಗಳನ್ನು ವಾಸಿಸುತ್ತಿದ್ದವರೇ ಕೂಡಿ ಕೊಂಡರು. ಎಷ್ಟೋ ಕಡೆ ಮಾಲೀಕ ಮನೆ ಮಾರಿದ, ಕಾವಲಿದ್ದವರು ಗಂಟುಮೂಟೆ ಕಟ್ಟಿದರು. ಆರಂಭದಲ್ಲೇ ಬರೆದುಕೊಟ್ಟಿದ್ದ ಮಾತು, ಮೋಸ ಅನ್ನೋಕಾಗಲ್ಲ. ಜನ ತುಂಬಿಕೊಳ್ಳುತ್ತಾ ಬಂದ ಹಾಗೆ ಖಾಲಿ ಮನೆ ಸಿಗೋದೇ ಕಷ್ಟ ಆಯಿತು. ಸಂಘ ಬೇರೆ ದಾರಿ ಹಿಡಿಯಿತು: ಮಾಲೀಕ ಛಾವಣಿ, ನೀರು, ಕರೆಂಟು ನೋಡಿಕೊಳ್ಳುತ್ತಾನೆ, ಒಳಗಿನ ಕೆಲಸ ಬಾಡಿಗೆದಾರರೇ ಮಾಡಿಕೊಂಡು ಕಮ್ಮಿ ಬಾಡಿಗೆಗೆ ದೀರ್ಘಕಾಲ ಇರುತ್ತಾರೆ.

ಹಾಗಾದರೆ ಊರನ್ನು ಉಳಿಸಿದ್ದು ಕಲಾವಿದರೇ ಅಲ್ವಾ?

ಇಲ್ಲ. ಈ ಪುಟ ಬರೆದದ್ದೇ ಈ ಪ್ರಶ್ನೆಗಾಗಿ.

ಸ್ಪಿನರೈಯ ಎಲ್ಲ ಸ್ಟುಡಿಯೋಗಳಲ್ಲಿ ಕೂತವರನ್ನು ಎಣಿಸಿದರೂ ಕೆಲವು ನೂರು ಜನ. ಹೋದದ್ದು ಸಾವಿರಗಟ್ಟಲೆ ಉದ್ಯೋಗ. ಸಂಬಳ ತಂದವರು ಬೇರೆ. ಪೋರ್ಷೆ 2002ರಲ್ಲಿ ಊರ ಹೊರಗೆ ಕಾರು ಮಾಡಲು ಶುರುಮಾಡಿತು. ಬಿಎಂಡಬ್ಲ್ಯು 2005ರಲ್ಲಿ ಬಂತು, ಅದರ ಮುಖ್ಯ ಕಟ್ಟಡದ ವಿನ್ಯಾಸ ಹೆಸರಾಂತ ವಾಸ್ತುಶಿಲ್ಪಿ ಜಾಹಾ ಹದೀದ್ ಅವರದ್ದು. ಕೊರಿಯರ್ ಕಂಪನಿ ಡಿಎಚ್‌ಎಲ್ ತನ್ನ ಯುರೋಪಿನ ವಿಮಾನ ಸರಕು ಕೇಂದ್ರವನ್ನು 2008ರಲ್ಲಿ ಇಲ್ಲಿನ ವಿಮಾನ ನಿಲ್ದಾಣಕ್ಕೆ ತಂದಿತು, ರಾತ್ರಿಯಿಡೀ ವಿಮಾನ ಇಳಿಸಲು ಅನುಮತಿ ಇದ್ದದ್ದು ಅದಕ್ಕೆ ದೊಡ್ಡ ಆಕರ್ಷಣೆ. ಇವಕ್ಕೆಲ್ಲ ಸರ್ಕಾರದ ನೆರವು ಧಾರಾಳವಾಗಿ ಸಿಕ್ಕಿತು. ಜೊತೆಗೆ ವಿಶ್ವವಿದ್ಯಾಲಯ, ಹೊಸ ರಸ್ತೆ, ಹೊಸ ರೈಲು ಸುರಂಗ. ದಕ್ಷಿಣಕ್ಕೆ ಕಲ್ಲಿದ್ದಲು ತೋಡಿ ಬಿಟ್ಟ ಗುಂಡಿಗೆ ನೀರು ತುಂಬಿ 2000ದಲ್ಲಿ ಕೋಸ್ಪುಡನ್ ಕೆರೆ ತೆರೆದರು. ಹೊಗೆಗೆ ಹೆಸರಾಗಿದ್ದ ಊರಿನ ಜನ ಈಗ ಸೈಕಲ್ ತುಳಿದುಕೊಂಡು ಹೋಗಿ ಈಜುತ್ತಾರೆ.

ಕಲಾವಿದರು ಮಾಡಿದ್ದೇನು ಅಂದರೆ, ಯಾರೂ ಕಾಲಿಡದ ಪ್ಲಾಗ್‌ವಿಟ್ಸ್, ಲಿಂಡೆನಾವ್ ಬೀದಿಗಳಿಗೆ ಮೊದಲು ಹೋಗಿ ದೀಪ ಹಚ್ಚಿದರು. ಕಾರ್ಲ್ ಹೈನೆ ಬೀದಿಯಲ್ಲಿ ಕೆಡವಿದ ಕಾರ್ಖಾನೆಯ ಬಯಲಿನಲ್ಲಿ 2000ದ ಹೊತ್ತಿಗೆ ನಾಟಕದವರು ಸೇರಿ ರೈ ಧಾನ್ಯ ಬೆಳೆದರು. ಊರ ನಡುವೆ ಹೊಲ! ಹೊಟ್ಟೆ ತುಂಬಲಿಲ್ಲ, ಆದರೆ ಹಾಳು ಬಯಲನ್ನು ನೋಡೋಕೆ ಜನ ಬಂದರು. ಬಿಎಂಡಬ್ಲ್ಯುಗೆ ಕೆಲಸಕ್ಕೆ ಸೇರಿದ ಎಂಜಿನಿಯರ್ ಸಂಜೆ ಎಲ್ಲಿ ಹೋಗಬೇಕು, ಯಾವ ಬೀದಿಯಲ್ಲಿ ಮನೆ ಮಾಡಬೇಕು ಅನ್ನೋದನ್ನು ಕಲಾವಿದರು ತೀರ್ಮಾನ ಮಾಡಿದರು. ಅವನು ಊರಿಗೇ ಬರೋ ಹಾಗೆ ಮಾಡಿದ್ದು ಅವರಲ್ಲ.

ಹೊಸಬರು ಅಂದರೆ ಬರೀ ಚಿತ್ರಕಾರರಾ?

ಅಲ್ಲವೇ ಅಲ್ಲ. ಬಹಳಷ್ಟು ಜನ ಓದೋಕೆ ಬಂದು ಉಳಿದವರು. ಸ್ಯಾಕ್ಸನಿಯ ಸಣ್ಣ ಊರುಗಳಿಂದ ಬಂದವರು, ಬರ್ಲಿನ್ ಬಾಡಿಗೆ ತಾಳದೆ ಬಂದವರು, 2015ರ ನಂತರ ಸಿರಿಯಾದಿಂದ ಬಂದ ಕುಟುಂಬಗಳು. ಪೂರ್ವ ಭಾಗದ ಐಸನ್‌ಬಾನ್ ಬೀದಿಯಲ್ಲಿ ಮುಚ್ಚಿದ್ದ ಅಂಗಡಿಗಳ ಬಾಗಿಲು ತೆಗೆಸಿದವರಲ್ಲಿ ಅರಬ್ ಬೇಕರಿ, ತರಕಾರಿ ಅಂಗಡಿ, ಕ್ಷೌರದಂಗಡಿಯವರೇ ಜಾಸ್ತಿ. ಅದನ್ನು ಪತ್ರಿಕೆಗಳು ‘ಅಪಾಯದ ಬೀದಿ’ ಅಂದವು. ಅದೇ ಕೆಲಸ ಗ್ಯಾಲರಿಯವರು ಮಾಡಿದರೆ ಪುನರುಜ್ಜೀವನ!

ಬಾಡಿಗೆ ಏರಿತಾ?

ಏರಿತು. 2010ರ ಆಸುಪಾಸಿನಲ್ಲಿ ಚದರ ಮೀಟರಿಗೆ ತಿಂಗಳಿಗೆ 5 ಯೂರೋ ಸುಮಾರಿಗೆ ಮನೆ ಸಿಗುತ್ತಿತ್ತು. ಆ ಕಾಲ ಹೋಯಿತು. ನಗರ ಸಭೆ 2020ರಲ್ಲಿ ಕೆಲವು ಬಡಾವಣೆಗಳಲ್ಲಿ ದುಬಾರಿ ನವೀಕರಣಕ್ಕೆ ಕಡಿವಾಣ ಹಾಕಿತು. 2022ರಿಂದ ಹೊಸ ಬಾಡಿಗೆಗೆ ಮಿತಿಯೂ ಇದೆ: ಆ ಜಾಗದ ವಾಡಿಕೆ ಬಾಡಿಗೆಗಿಂತ ಶೇಕಡಾ 10ಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಫರ್ನಿಚರ್ ಹಾಕಿದ್ದೇವೆ, ಸ್ವಲ್ಪ ಕಾಲಕ್ಕೆ ಮಾತ್ರ ಅಂತ ಸುತ್ತುದಾರಿ ಹುಡುಕೋದು ಎಲ್ಲ ಊರಿನಲ್ಲೂ ಇದ್ದದ್ದೇ.

ಪ್ಲಾಗ್‌ವಿಟ್ಸ್‌ನ ವೆಸ್ಟ್‌ವೆರ್ಕ್ ಹಳೇ ಕಾರ್ಖಾನೆ, ಆಮೇಲೆ ಕಲಾವಿದರ ಜಾಗ. 2017ರಲ್ಲಿ ಅಲ್ಲಿ ಎಷ್ಟೋ ಜನರ ಒಪ್ಪಂದ ಮುಗಿಸಿದರು, ಪ್ರತಿಭಟನೆ ಆಯಿತು, ಒಂದು ಭಾಗಕ್ಕೆ ಸೂಪರ್‌ಮಾರ್ಕೆಟ್ ಬಂತು. 1992ರಿಂದ ನಡೆಯುತ್ತಿದ್ದ ‘ಡಿಸ್ಟಿಲರಿ’ ಅನ್ನೋ ಟೆಕ್ನೋ ಕ್ಲಬ್ 2023ರಲ್ಲಿ ಹೊಸ ಬಡಾವಣೆಗಾಗಿ ತನ್ನ ಹಳೇ ಜಾಗ ಬಿಡಬೇಕಾಯಿತು.

ಸ್ಪಿನರೈ ಮಾತ್ರ ಉಳಿದದ್ದು ಹೇಗೆ?

ಮಾಲೀಕರು ಇಡೀ ಜಾಗವನ್ನು ಅಗ್ಗಕ್ಕೆ ಕೊಂಡಿದ್ದರು, ಅವಸರ ಮಾಡಲಿಲ್ಲ. ಒಂದೊಂದೇ ಕಟ್ಟಡ ರಿಪೇರಿ ಮಾಡುತ್ತಾ ಹೋದರು. ಕಚೇರಿ, ಅಂಗಡಿಗಳಿಂದ ಬರೋ ಬಾಡಿಗೆ ಒಂದು ಕಡೆ, ಸ್ಟುಡಿಯೋಗಳ ಸರಳ ಬಾಡಿಗೆ ಇನ್ನೊಂದು ಕಡೆ. ಒಳ್ಳೆಯ ಮಾಲೀಕರು ಸಿಕ್ಕಿದ್ದು ಅದೃಷ್ಟ ಅಂತಲೇ ನಾನು ಹೇಳೋದು. ಅದನ್ನು ಮಾದರಿ ಅಂತ ಕರೆದು ಬೇರೆ ಊರಿಗೆ ಸಾಗಿಸೋಕೆ ಆಗಲ್ಲ.

ಕರ್ನಾಟಕದಿಂದ ಲೈಪ್‌ಜಿಗ್‌ಗೆ ಓದೋಕೆ ಹೋಗ್ತಿದ್ದೀನಿ. ಅಗ್ಗದ ಮನೆ ಇನ್ನೂ ಸಿಗುತ್ತಾ?

ಮ್ಯೂನಿಕ್‌ಗೆ ಹೋಲಿಸಿದರೆ ಅಗ್ಗವೇ. ಆದರೆ ಹತ್ತು ವರ್ಷ ಹಿಂದಿನ ಲೇಖನ ಓದಿಕೊಂಡು ಹೋಗಬೇಡಿ. ಪ್ರವೇಶ ಸಿಕ್ಕ ದಿನವೇ ವಿದ್ಯಾರ್ಥಿ ಹಾಸ್ಟೆಲಿಗೆ ಅರ್ಜಿ ಹಾಕಿ. ಅದು ಸಿಗದಿದ್ದರೆ ನಾಲ್ಕೈದು ಜನ ಹಂಚಿಕೊಂಡ ಮನೆಯಲ್ಲಿ ಒಂದು ರೂಮ್, ಅದನ್ನು ಅಲ್ಲಿ ‘ವೇ-ಗೇ’ ಅಂತಾರೆ. ಜಾಹೀರಾತಿನ ಬಾಡಿಗೆ ‘ಕಾಲ್ಟ್’ ಅಂತಿದ್ದರೆ ಹೀಟಿಂಗ್ ಮತ್ತು ಉಳಿದ ಖರ್ಚು ಸೇರಿಲ್ಲ, ‘ವಾರ್ಮ್’ ಅಂತಿದ್ದರೆ ಸೇರಿದೆ. ಮುಂಗಡ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಅದು ಕಾನೂನು. ಮನೆ ನೋಡದೆ, ನಂಬಿಕಸ್ತರಿಂದ ನೋಡಿಸದೆ, ದುಡ್ಡು ಕಳಿಸಲೇಬೇಡಿ. ‘ನಾನು ವಿದೇಶದಲ್ಲಿದ್ದೇನೆ, ಬೀಗದ ಕೈ ಪೋಸ್ಟಲ್ಲಿ ಕಳಿಸ್ತೀನಿ’ ಅನ್ನೋರು ಪಕ್ಕಾ ಮೋಸಗಾರರು. ವಿಳಾಸ ನೋಂದಣಿಗೆ ಮನೆ ಮಾಲೀಕರ ದೃಢೀಕರಣ ಪತ್ರ ಬೇಕು. ಅದು ಕೊಡಲ್ಲ ಅನ್ನೋ ಮನೆ ಬೇಡ.

ಸ್ಪಿನರೈ ನೋಡೋಕೆ ಯಾವಾಗ ಹೋಗಬೇಕು?

ವರ್ಷಕ್ಕೆ ಮೂರು ಸಲ, ಚಳಿಗಾಲದಲ್ಲಿ, ವಸಂತದಲ್ಲಿ ಮತ್ತು ಸೆಪ್ಟೆಂಬರಿನಲ್ಲಿ, ಎಲ್ಲ ಗ್ಯಾಲರಿಗಳೂ ಒಂದೇ ವಾರಾಂತ್ಯ ಹೊಸ ಪ್ರದರ್ಶನ ತೆರೆಯುತ್ತವೆ. ಎಷ್ಟೋ ಸ್ಟುಡಿಯೋಗಳ ಬಾಗಿಲೂ ಆಗ ತೆಗೆದಿರುತ್ತೆ. ಜನಜಂಗುಳಿ ಇರುತ್ತೆ, ಚಿತ್ರ ನೆಮ್ಮದಿಯಾಗಿ ನೋಡೋಕಾಗಲ್ಲ. ಚಿತ್ರವೇ ಮುಖ್ಯ ಅಂದರೆ ಬೇರೆ ವಾರ ಹೋಗಿ. ಮುಖ್ಯ ರೈಲು ನಿಲ್ದಾಣದಿಂದ ಎಸ್-ಬಾನ್ ಅನ್ನೋ ಲೋಕಲ್ ರೈಲು ಹತ್ತಿ ಪ್ಲಾಗ್‌ವಿಟ್ಸ್‌ನಲ್ಲಿ ಇಳಿದರೆ ನಡೆಯೋ ದೂರ. ಗ್ಯಾಲರಿಗಳು ಸಾಮಾನ್ಯವಾಗಿ ಮಂಗಳವಾರದಿಂದ ಶನಿವಾರ ತೆಗೆದಿರುತ್ತವೆ, ಪ್ರವೇಶಕ್ಕೆ ದುಡ್ಡಿಲ್ಲ. ಸೋಮವಾರ ಹೋದರೆ ಇಟ್ಟಿಗೆ ಗೋಡೆ ನೋಡಿಕೊಂಡು ವಾಪಸ್ ಬರಬೇಕಾಗುತ್ತೆ.